ಗಾರ್‌ಸೈಡ್‌ನ ಅವಸರ

ಆಪರಾ ಎಂದರೆ ಮೈತುಂಬ ಒಡವೆ ಹಾಕಿಕೊಂಡ ಹೆಂಗಸೊಬ್ಬಳು ಸಾಯುವ ಮುಂಚೆ ಅರ್ಧ ಗಂಟೆ ಕಿರುಚುವುದು ಎಂದೇ ನಾನು ಬಹಳ ವರ್ಷ ತಿಳಿದಿದ್ದೆ. ಆ ಅಭಿಪ್ರಾಯವನ್ನು ಬದಲಾಯಿಸಿದವನು ವಿನಾಯಕ. ಅದರಿಂದ ನನಗೆ ಉಪಕಾರವಾಯಿತೋ ಅಪಕಾರವಾಯಿತೋ ಎಂದು ಈಗ ಯಾರಾದರೂ ಕೇಳಿದರೆ ನಾನು ಎದ್ದು ಹೋಗುತ್ತೇನೆ.

ವಿನಾಯಕ ನಮ್ಮ ಅಪಾರ್ಟ್‌ಮೆಂಟಿನ ಬಿ ಬ್ಲಾಕಿನವನು. ಅವನದು ಹಾವೇರಿ ಕಡೆ, ನನ್ನದು ಗದಗ. ವೈಟ್‌ಫೀಲ್ಡಿನ ಲಿಫ್ಟಿನೊಳಗೆ ಯಾರಾದರೂ ಫೋನಿನಲ್ಲಿ ‘ಹೌದ್ರಿ’ ಅಂದರೆ ತಿರುಗಿ ನೋಡದೆ ಇರುವುದು ನನ್ನಿಂದಾಗದು. ಹಾಗೆ ತಿರುಗಿ ನೋಡಿದ್ದರಿಂದ ಆದ ಪರಿಚಯ. ನನಗಿಂತ ಆರು ವರ್ಷ ಚಿಕ್ಕವನು. ಅವನು ನನ್ನನ್ನು ‘ಅಕ್ಕಾರ’ ಅನ್ನುತ್ತಿದ್ದ, ನಾನು ‘ನೀ’ ಅನ್ನುತ್ತಿದ್ದೆ. ಕಂಪನಿ ಕೆಲಸದ ಮೇಲೆ ಎರಡು ವರ್ಷ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದು ಬಂದಿದ್ದ. ಉಳಿದವರು ಅಲ್ಲಿಂದ ಚಾಕಲೇಟು, ಜರ್ಕಿನ್ನು ತಂದರೆ ಇವನು ಎಡ್ವಿನ್ ಗಾರ್‌ಸೈಡ್ ಎಂಬ ಸಂಗೀತಗಾರನ ಮೂರು ಆಪರಾಗಳ ಸೀಡಿ ತಂದಿದ್ದ. ಗಾರ್‌ಸೈಡ್ ಇನ್ನೂ ಬದುಕಿರುವ ಮನುಷ್ಯ. ಅರವತ್ತು ದಾಟಿದೆ, ಯಾವುದೋ ಗಿರಣಿ ಊರಿನಲ್ಲಿ ಬೆಳೆದವನು. ಅವನ ಸಂಗೀತ ಮೊಬೈಲಿನ ಯಾವ ಆ್ಯಪಿನಲ್ಲೂ ಸಿಗುವುದಿಲ್ಲ. ಹಾಗಾಗಿ ಬೆಂಗಳೂರಿನ ಈ ಮೂಲೆಯಲ್ಲಿ ಗಾರ್‌ಸೈಡ್ ಎಂದರೆ ವಿನಾಯಕನ ಲ್ಯಾಪ್‌ಟಾಪು.

ತಿಂಗಳ ಎರಡನೆಯ ಭಾನುವಾರ ಕ್ಲಬ್‌ಹೌಸಿನ ಸಣ್ಣ ಹಾಲಿನಲ್ಲಿ ನಾವು ನಾಲ್ವರು ಸೇರುತ್ತಿದ್ದೆವು. ಹಾಲು ಯಾರಿಗೂ ಎರಡು ಗಂಟೆಗಿಂತ ಹೆಚ್ಚು ಸಿಗುವುದಿಲ್ಲ. ಹತ್ತಕ್ಕೆ ಶುರು ಮಾಡಿದರೆ ಹನ್ನೆರಡೂ ಐದಕ್ಕೆ ಎ.ಸಿ. ತಾನಾಗಿಯೇ ಆರಿಹೋಗುತ್ತದೆ, ಹಾಡಿಗೆ ಕುಣಿದು ಕಸರತ್ತು ಮಾಡುವ ಝುಂಬಾ ಕ್ಲಾಸಿನವರು ನೀರಿನ ಬಾಟಲಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. ಮೂರನೆಯವಳು ಕೃಪಾ, ಮೂವತ್ತರ ಹುಡುಗಿ, ಯಾವುದೋ ಆ್ಯಪ್ ಕಂಪನಿಯಲ್ಲಿ ದೊಡ್ಡ ಕೆಲಸ. ಹೆತ್ತ ತಾಯಿಯ ವಾಯ್ಸ್ ಮೆಸೇಜನ್ನೂ ದುಪ್ಪಟ್ಟು ವೇಗದಲ್ಲಿ ಕೇಳುವವಳು. ನಾಲ್ಕನೆಯವರು ನರಸಪ್ಪ. ನಮ್ಮ ಅಪಾರ್ಟ್‌ಮೆಂಟು ನಿಂತಿರುವುದು ಅವರ ರಾಗಿ ಹೊಲದ ಮೇಲೆ. ಮೊದಲು ಬಿಸಿಲಿಗೆ ತಂಪಾಗಿರುತ್ತದೆಂದು ಬಂದು ಕೂತವರು ಆಮೇಲೆ ಒಂದು ತಿಂಗಳೂ ತಪ್ಪಿಸಲಿಲ್ಲ. ಇಂಗ್ಲಿಷ್ ಬಾರದ ಅವರಿಗಾಗಿ ನಾನು ಮೊದಲು ಕತೆ ಹೇಳುತ್ತಿದ್ದೆ. “ಕತೆ ಒಸಿ, ಹಾಡು ಜಾಸ್ತಿ. ನಮ್ಮೂರ ನಾಟಕದಂಗೇ ಐತೆ ಬಿಡಿ ಮೇಡಂ,” ಎಂದು ಅವರು ಗಾರ್‌ಸೈಡ್‌ನನ್ನು ಮೊದಲ ದಿನವೇ ಪಾಸು ಮಾಡಿದ್ದರು.

ಹಾಲಿನೊಳಗೆ ಯಾರೂ ಬಾಯಿ ಬಿಡಬಾರದು ಎನ್ನುವುದು ನಮ್ಮ ನಿಯಮ. ಜಗಳಕ್ಕೆ ಈಜುಕೊಳದ ಪಕ್ಕದ ಕಲ್ಲುಬೆಂಚು, ಜೊತೆಗೆ ನನ್ನ ಗಿರ್ಮಿಟ್. ಮಂಡಕ್ಕಿ, ಹುಣಸೆಹಣ್ಣಿನ ಒಗ್ಗರಣೆ, ಹೆಚ್ಚಿದ ಈರುಳ್ಳಿ ಎಲ್ಲವನ್ನೂ ಬೇರೆ ಬೇರೆ ಡಬ್ಬಿಯಲ್ಲಿ ತರುತ್ತಿದ್ದೆ. ಗಿರ್ಮಿಟ್ ಮೊದಲೇ ಕಲಸಿಟ್ಟರೆ ಮೆತ್ತಗಾಗಿಬಿಡುತ್ತದೆ. ಆದ್ದರಿಂದ ಹಾಡು ಮುಗಿದ ತಕ್ಷಣ ನಾನು ಎಲ್ಲರಿಗಿಂತ ಮುಂಚೆ ಹೊರಗೆ ಹೋಗಿ ಬೆಂಚಿನ ಮೇಲೆ ಕಲಸಲು ಕೂರುತ್ತಿದ್ದೆ.

ನಾವು ಮೊದಲು ಕೇಳಿದ್ದು, ಮತ್ತೆ ಮತ್ತೆ ಕೇಳಿದ್ದು, ಗಾರ್‌ಸೈಡ್‌ನ ‘ಕೊನೆಯ ಪಾಳಿ’. ನಮ್ಮ ಬಳಕೆಗೆ ನಾವೇ ಇಟ್ಟುಕೊಂಡ ಕನ್ನಡದ ಹೆಸರು ಅದು. ಬಟ್ಟೆ ಗಿರಣಿಯೊಂದು ಅವತ್ತು ಸಂಜೆ ಮುಚ್ಚಲಿದೆ. ಮೊದಲ ಅಂಕದಲ್ಲಿ ಮಗ್ಗಗಳ ಸದ್ದಿನ ಮೇಲೆ ಕೆಲಸದ ಹೆಂಗಸರ ಮೇಳ. ಎರಡನೆಯದರಲ್ಲಿ ಮಾಲೀಕರ ಕಡೆಯವರು ಬಂದು ಸುದ್ದಿ ಹೇಳುತ್ತಾರೆ. ಮೂರನೆಯದರಲ್ಲಿ ಎಲ್ಲರೂ ಹೊರಗೆ ಹೋಗಿದ್ದಾರೆ, ಮೇಲ್ವಿಚಾರಕಿ ಹ್ಯಾನಾ ಒಬ್ಬಳೇ ಮಗ್ಗಗಳನ್ನು ಒಂದೊಂದಾಗಿ ನಿಲ್ಲಿಸುತ್ತಾಳೆ. ನಿಲ್ಲಿಸುವಾಗ ಆ ಮಗ್ಗದಲ್ಲಿ ದುಡಿದವಳ ಹೆಸರು ಹಾಡುತ್ತಾಳೆ. ಗೇಟಿನಾಚೆ ಕೊನೆಯ ಬಸ್ಸು ಹಾರ್ನ್ ಹೊಡೆಯುತ್ತಿರುತ್ತದೆ. ಅಷ್ಟೇ ಕತೆ.

ಹ್ಯಾನಾಳ ಹಾಡನ್ನು ಮೊದಲ ಸಲ ಕೇಳಿದಾಗ ನನ್ನ ಎದೆ ಬಡಿದುಕೊಂಡಿತು. ಹೆಸರಿನ ಹಿಂದೆ ಹೆಸರು, ಉಸಿರಾಡಲೂ ಪುರಸೊತ್ತಿಲ್ಲ. ಆಕೆಯ ದನಿಯಲ್ಲಿ ಒಂದು ಸಣ್ಣ, ಚುರುಕಾದ ನಡುಕ. ಈಕೆ ಓಡುತ್ತಿದ್ದಾಳೆ ಎಂದು ನನಗೆ ತಿಳಿದುಹೋಯಿತು. ಒಂದು ಹೆಸರಿನ ಹತ್ತಿರ ನಿಂತರೂ ಆಕೆಗೆ ಮತ್ತೆ ಹೊರಡುವುದಕ್ಕಾಗುವುದಿಲ್ಲ, ಅದಕ್ಕೇ ಓಡುತ್ತಿದ್ದಾಳೆ. ಇದನ್ನು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಯಾಕೆಂದರೆ ನಾನು ಓಡಿದವಳು. ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ದುಡಿದೆ. ಕಾಲರಿಗೆ ನಲವತ್ತು ಸೆಕೆಂಡು, ಜೇಬಿಗೆ ಮೂವತ್ತು ಎಂದು ಸ್ಟಾಪ್‌ವಾಚ್ ಹಿಡಿದು ಹೊಲಿಗೆಯವರ ಪಕ್ಕದಲ್ಲಿ ನಿಂತು ಹೊತ್ತು ಅಳೆಯುವುದು ನನ್ನ ಕೆಲಸ. ಹೋಗುತ್ತ ಹೋಗುತ್ತ ಮೂರು ಲೈನು, ನೂರಾ ಎಂಬತ್ತು ಹೆಂಗಸರು ನನ್ನ ಕೈಕೆಳಗೆ ಬಂದರು. ಮನೆಯಲ್ಲಿ ಅಪ್ಪ ತಬಲಾ ಕಲಿಸುತ್ತಿದ್ದವರು. ಲಯದ ವಿಷಯದಲ್ಲಿ ಈ ಮಹಾದೇವಿಯನ್ನು ಯಾರೂ ಏಮಾರಿಸಲಾರರು ಎಂಬ ಕೊಬ್ಬು ನನಗೆ ಬೇಕಾದಷ್ಟಿತ್ತು.

ಕಾರ್ಖಾನೆ ಮುಚ್ಚಿದ್ದು ನಮ್ಮ ಮೊದಲ ಭಾನುವಾರಕ್ಕೆ ಕೆಲವೇ ತಿಂಗಳ ಮುಂಚೆ. ಆ ದಿನ ಸುದ್ದಿ ಆಗಲೇ ಬಾಯಿಂದ ಬಾಯಿಗೆ ಹೋಗಿತ್ತು. ಮಧ್ಯಾಹ್ನ ಮೂರಕ್ಕೆ ನಾನೇ ಮೈಕು ಹಿಡಿದು, “ಯಾರೂ ಹೋಗಬೇಡ್ರಿ, ನಾಲ್ಕೂವರೆಗೆ ಬಂದು ಎಲ್ಲಾ ನಾನೇ ಹೇಳ್ತೀನಿ,” ಅಂದೆ. ನಾಲ್ಕಕ್ಕೆ ಆಫೀಸಿನವರು ಮೇಲ್ವಿಚಾರಕರನ್ನೆಲ್ಲ ಕರೆದು, ಗಲಾಟೆಯಾಗಬಹುದು, ಹಿಂದಿನ ಗೇಟಿನಲ್ಲಿ ವ್ಯಾನು ನಿಂತಿದೆ, ಈಗಲೇ ಹೊರಡಿ ಅಂದರು. ನಾನು ಹೊರಟೆ. ಊಟದ ಡಬ್ಬಿಯನ್ನೂ ತೆಗೆದುಕೊಳ್ಳಲಿಲ್ಲ. ಆ ಹೆಂಗಸರು ಆರೂವರೆ ತನಕ ಮಷಿನ್ನುಗಳ ಮುಂದೆ ನನಗಾಗಿ ಕಾದು ಕೂತಿದ್ದರಂತೆ. ಇದನ್ನು ನಾನು ಗಂಡ ಇರಣ್ಣನಿಗೂ ಹೇಳಿದವಳಲ್ಲ.

ಹೇಳಿದ್ದು ವಿನಾಯಕನಿಗೆ, ಆ ಮೊದಲ ಭಾನುವಾರವೇ. ಗಿರ್ಮಿಟ್ ಕಲಸುತ್ತಿದ್ದೆ, ಅವನು ಒಳಗಿನಿಂದ ಬಂದು ನಿಂತ. ಏನೋ ಹೇಳಲು ಬಾಯಿ ತೆರೆದ, ಆದರೆ ಅಷ್ಟರಲ್ಲಿ ನನ್ನ ಮಾತು ಶುರುವಾಗಿಬಿಟ್ಟಿತ್ತು. ಪೀಣ್ಯ, ಮೈಕು, ವ್ಯಾನು ಎಲ್ಲ ಹೇಳಿದೆ. “ಹ್ಯಾನಾನೂ ಓಡ್ಯಾಳ, ವಿನಾಯಕ. ನಾ ಒಬ್ಬಾಕಿನ ಅಲ್ಲ. ಓಡಿ ಹೋದವ್ರಿಗೂ ಒಂದು ಹಾಡು ಬರದಾನ ಈ ಮನಷ್ಯಾ,” ಎಂದು ಹುಣಸೆಹುಳಿಯ ಕೈಯಲ್ಲೇ ಕಣ್ಣು ಒರೆಸಿಕೊಂಡೆ. ಅವನು ನನ್ನ ಕೈಯಿಂದ ಬೋಗುಣಿ ತೆಗೆದು ಕೆಳಗಿಟ್ಟ. ಎಷ್ಟು ಸೂಕ್ಷ್ಮದ ಹುಡುಗ ಎಂದುಕೊಂಡೆ.

ಅಲ್ಲಿಂದ ನನಗೆ ಗಾರ್‌ಸೈಡ್ ಹುಚ್ಚು ಹಿಡಿಯಿತು. ನನಗೊಂದು ಪ್ರತಿ ಬೇಕೆಂದು ಕೇಳಿದೆ. ಮುಂದಿನ ವಾರ ವಿನಾಯಕ ಪೆನ್ ಡ್ರೈವ್ ತಂದುಕೊಟ್ಟ, ಹಾಡಿನ ಸಾಹಿತ್ಯದ ಪುಸ್ತಿಕೆಯನ್ನು ಜೆರಾಕ್ಸ್ ಮಾಡಿಸಿ ಪಿನ್ ಹಾಕಿ ಕೊಟ್ಟ. ಚಪಾತಿ ಲಟ್ಟಿಸುವಾಗ, ಬಟ್ಟೆ ಮಡಚುವಾಗ ಮನೆಯಲ್ಲಿ ಹ್ಯಾನಾಳೇ. “ಆ ಹೆಣ್ಮಗಳಿಗೆ ಏನಾಗೇತಂತ ಹಂಗ ಚೀರತಾಳ?” ಎಂದು ಇರಣ್ಣ ಬಾಗಿಲು ಹಾಕಿಕೊಳ್ಳುತ್ತಿದ್ದರು. ನನಗೆ ಮಾತ್ರ ಪೀಣ್ಯದ ಆ ಸಂಜೆ ನಿಧಾನವಾಗಿ ಹಗುರವಾಗತೊಡಗಿತು. ಆ ಕಡೆ ಮೆಟ್ರೋದಲ್ಲಿ ಹೋಗುವಾಗ ಮುಖ ತಿರುಗಿಸಿಕೊಳ್ಳುವುದನ್ನು ಬಿಟ್ಟೆ.

ಬೆಂಚಿನ ಮೇಲಿನ ಜಗಳ ಮಾತ್ರ ನಾಲ್ಕು ವರ್ಷವೂ ಒಂದೇ. ಗಾರ್‌ಸೈಡ್ ಅವಸರದ ಕವಿ ಎನ್ನುವುದು ನನ್ನ ಪಕ್ಷ. ಶಿಫ್ಟು, ಕ್ಯಾಬು, ಪಂಚಿಂಗು ಎಂದು ಬದುಕುವವರ ಎದೆಬಡಿತವನ್ನು ಸಂಗೀತಕ್ಕೆ ತಂದವನು ಅವನೊಬ್ಬನೇ, ಅಳುವುದಕ್ಕೂ ಹೊತ್ತಿಲ್ಲದವರ ಅಳುವನ್ನು ಬರೆದವನು, ಎನ್ನುತ್ತಿದ್ದೆ. ವಿನಾಯಕ ತಲೆಯಾಡಿಸುತ್ತಿದ್ದ.

“ಇಲ್ರಿ ಅಕ್ಕಾರ. ಅವ ನಿಧಾನದ ಮನಷ್ಯಾ. ಅವನ ಎಲ್ಲಾ ಜೀವಾನೂ ಎರಡು ಸ್ವರದ ನಡುವಿನ ಖಾಲಿ ಜಾಗಾದಾಗ ಐತಿ.”

“ಯಾವ ಖಾಲಿ ಜಾಗಾ? ಒಂದು ಸಾಸಿವಿ ಹಾಕಾಕ ಜಾಗಾ ಬಿಟ್ಟಿಲ್ಲ ಅವ. ಲೀಡ್ಸ್‌ನ ಥಂಡಿಗೆ ನಿನ್ನ ಕಿವಿ ಗಡ್ಡೆಗಟ್ಯಾವ.”

ಕೃಪಾ ಫೋನ್ ನೋಡುತ್ತಾ ನಗುತ್ತಿದ್ದಳು. ನರಸಪ್ಪ ಗಿರ್ಮಿಟ್ಟಿಗೆ ಇನ್ನಷ್ಟು ಈರುಳ್ಳಿ ಹಾಕಿಕೊಳ್ಳುತ್ತಿದ್ದರು. ವಿನಾಯಕ ಇನ್ನೊಂದೆರಡು ಮಾತು ಆಡಿ ಬೋಗುಣಿಗೆ ಕೈಹಾಕುತ್ತಿದ್ದ. ಪ್ರತಿ ಸಲವೂ ಗೆಲುವು ನನ್ನದೇ. ಸೋತವನು ಅಷ್ಟು ಸಮಾಧಾನವಾಗಿ ತಿನ್ನುವುದನ್ನು ಕಂಡು ನನಗೆ ಅವನ ಮೇಲೆ ಪ್ರೀತಿ ಹೆಚ್ಚುತ್ತಿತ್ತು.

ಕಳೆದ ವರ್ಷ ‘ಅವಸರದ ಆಪರಾ’ ಎಂದು ಒಂದು ಲೇಖನವನ್ನೇ ಬರೆದೆ. ಮಾಸಪತ್ರಿಕೆಯೊಂದರಲ್ಲಿ ಎಂಟು ಪುಟ ಬಂತು. ಹ್ಯಾನಾ ಮಗ್ಗ ನಿಲ್ಲಿಸುವ ವೇಗವನ್ನು ದ್ರುತ್ ಲಯಕ್ಕೆ ಹೋಲಿಸಿದೆ, ಆ ದನಿಯ ನಡುಕದ ಬಗ್ಗೆಯೇ ಒಂದು ಪುಟ ಬರೆದೆ. ‘ಇಡೀ ಗಿರಣಿಯ ಬಾಳನ್ನು ಎರಡು ಗಂಟೆಯೊಳಗೆ ಮುಗಿಸುವ ನಿರ್ದಯ ಶಿಸ್ತು’ ಎಂದು ಹೊಗಳಿದೆ. ಅಚ್ಚಿಗೆ ಕಳಿಸುವ ಮುಂಚೆ ವಿನಾಯಕನಿಗೇ ಓದಲು ಕೊಟ್ಟಿದ್ದೆ. ಕಾಗುಣಿತ ತಿದ್ದಿ ಕೊಟ್ಟವನು, “ಎರಡು ತಾಸಿಂದು ಒಂದು ಸಾಲು ಐತೆಲ್ರಿ, ಅದನ್ನ ತಗೀರಿ ಅಕ್ಕಾರ, ಚಲೋ ಕಾಣಂಗಿಲ್ಲ,” ಅಂದಿದ್ದ. ನಾನು ತೆಗೆಯಲಿಲ್ಲ.

ಈ ಜನವರಿಯಲ್ಲಿ ನಮ್ಮ ಹತ್ತಿರದ ಮಾಲಿನ ಸಿನಿಮಾ ಮಂದಿರದಲ್ಲಿ ‘ಕೊನೆಯ ಪಾಳಿ’ಯ ರಂಗಪ್ರಯೋಗದ ಚಿತ್ರೀಕರಣವನ್ನು ಒಂದೇ ಒಂದು ಆಟ ತೋರಿಸುತ್ತಾರೆಂದು ತಿಳಿಯಿತು. ಶನಿವಾರ ಮಧ್ಯಾಹ್ನ. ನಾನು ಕುಣಿದಾಡಿದೆ. ವಿನಾಯಕ ಮಾತ್ರ, “ಬ್ಯಾಡ್ರಿ. ಸಿನಿಮಾ ಹಾಲ್‌ನಾಗ ಸೌಂಡ್ ಚಲೋ ಇರಂಗಿಲ್ಲ,” ಅಂದ. ಹೋಗಲೇಬೇಕೆಂದಾಗ ತನಗೆ ಆಫೀಸು ಇದೆ ಅಂದ. ಶನಿವಾರ ಎಂತಹ ಆಫೀಸು ಎಂದು ಬೈದು ಕೃಪಾಳನ್ನೂ ನರಸಪ್ಪನವರನ್ನೂ ಹೊರಡಿಸಿಕೊಂಡು ಹೋದೆ.

ಹತ್ತು ನಿಮಿಷದಲ್ಲಿ ನನಗೆ ಸಿಟ್ಟು ಬಂತು. ಮಗ್ಗದ ಮೇಳ ಎಳೆಯುತ್ತಿತ್ತು. ಇಪ್ಪತ್ತಾರು ವರ್ಷದ ಅಭ್ಯಾಸ, ಕೈಗಡಿಯಾರ ನೋಡಿದೆ. ನನ್ನ ಲೆಕ್ಕದಲ್ಲಿ ಒಂಬತ್ತು ನಿಮಿಷಕ್ಕೆ ಮುಗಿಯಬೇಕಾದ ಮೇಳ ಹನ್ನೊಂದು ನಿಮಿಷ ತೆಗೆದುಕೊಂಡಿತು. ದನಿಗಳಲ್ಲಿ ಆ ಚುರುಕಾದ ನಡುಕವೇ ಇಲ್ಲ. ವಾದ್ಯಗಾರರ ಮುಂದೆ ನಿಂತ ಸಂಗೀತ ನಿರ್ದೇಶಕ ಕಣ್ಣು ಮುಚ್ಚಿಕೊಂಡು ಕೈ ಆಡಿಸುತ್ತಿದ್ದುದನ್ನು ಕಂಡು, ಇವನು ನಿದ್ದೆ ಮಾಡುತ್ತಿದ್ದಾನೆ ಎಂದುಕೊಂಡೆ. ಮೂರನೆಯ ಅಂಕ ಬರುವ ಹೊತ್ತಿಗೆ ತಲೆ ಸಿಡಿಯುತ್ತಿತ್ತು. ಹ್ಯಾನಾಳ ಹಾಡು ಶುರುವಾಗುತ್ತಿದ್ದಂತೆ ಎದ್ದು ಹೊರಗೆ ಬಂದುಬಿಟ್ಟೆ. ನನ್ನ ಹ್ಯಾನಾಳನ್ನು ಇವರು ಹಾಳು ಮಾಡುವುದನ್ನು ನೋಡಲು ನನಗೆ ಮನಸ್ಸಿರಲಿಲ್ಲ.

ಆಟ ಮುಗಿದು ಅವರಿಬ್ಬರೂ ಫುಡ್‌ಕೋರ್ಟಿಗೆ ಬಂದರು. ನಾನು ಕೂರಿಸಿಕೊಂಡು ಭಾಷಣ ಶುರು ಮಾಡಿದೆ. ನಿರ್ದೇಶಕನಿಗೆ ಗಾರ್‌ಸೈಡ್‌ನ ಒಂದು ಸಾಲೂ ಅರ್ಥವಾಗಿಲ್ಲ, ಇವತ್ತೇ ಪತ್ರಿಕೆಗೆ ಇನ್ನೊಂದು ಲೇಖನ ಬರೆಯುತ್ತೇನೆ, ಹೆಸರು ಹಿಡಿದೇ ಬರೆಯುತ್ತೇನೆ ಅಂದೆ. ಕೃಪಾ ಸ್ಟ್ರಾ ಕಚ್ಚುತ್ತಾ ಟೇಬಲ್ಲು ನೋಡುತ್ತಿದ್ದಳು.

“ಅಲ್ಲ ಮೇಡಂ,” ಅಂದರು ನರಸಪ್ಪ. “ಇಲ್ಲಿ ಸರಿಯಾಗೇ ಹಾಡಿದ್ರಲ್ಲ. ನಮ್ ಆಲ್‌ನಾಗೆ ತಾನೇ ಬಿರ್ರನೆ ಓಡ್ಸೋದು?”

“ಓಡ್ಸೋದು ಅಂದ್ರೆ?”

“ಅದೇ, ವಿನಾಯಕಪ್ಪ ಒಂದೂಕಾಲು ಅಂತ ಒತ್ತುತಾರಲ್ಲ ಪೆಟ್ಟಿಗೇಲಿ. ಟೇಮ್ ಸಾಲ್ದು ಅಂತವ. ಮೊದಲ್ನೇ ದಿನಾನೇ ಯೋಳಿದ್ರು. ನಿಮಗ್ಗೊತ್ತಿಲ್ವಾ?”

ನಾನು ಕೃಪಾಳ ಕಡೆ ನೋಡಿದೆ. ಅವಳ ಮುಖ ಕೆಂಪಾಗಿತ್ತು.

“ಆಂಟಿ, ಐಡಿಯಾ ನಂದೇ,” ಅಂದಳು. “ಒನ್ ಪಾಯಿಂಟ್ ಟೂ ಫೈವ್ ಸ್ಪೀಡು, ಸೈಲೆನ್ಸ್ ಬಂದ್ರೆ ಸ್ಕಿಪ್ ಆಗೋ ಸೆಟಿಂಗು, ಅಷ್ಟೇ ಅಲ್ವಾ, ಯಾರಿಗೂ ಗೊತ್ತಾಗಲ್ಲ ಅಂದೆ. ಆಮೇಲೆ ನೀವು ಅಷ್ಟು ಎಂಜಾಯ್ ಮಾಡ್ತಿದ್ರಿ, ವಿನಾಯಕ್ ಸಾರ್ ಹೇಳ್ಬೇಡ ಅಂದ್ರು. ನಾನೂ ಸುಮ್ನಾಗ್ಬಿಟ್ಟೆ.”

ಯಾರಿಗೂ ಗೊತ್ತಾಗಲ್ಲ. ಅಪ್ಪನ ಮಗಳಿಗೆ, ಸ್ಟಾಪ್‌ವಾಚಿನವಳಿಗೆ, ಗೊತ್ತಾಗಲಿಲ್ಲ. ಗಾರ್‌ಸೈಡ್‌ನ ಅವಸರ ಎಂದು ನಾನು ಎಂಟು ಪುಟ ಬರೆದದ್ದು ಝುಂಬಾ ಕ್ಲಾಸಿನ ಅವಸರ. ನಾಚಿಕೆಯಿಂದ ನನ್ನ ಕಿವಿ ಸುಡುತ್ತಿತ್ತು. ಆದರೆ ಮನೆಗೆ ಬಂದು ಪೆನ್ ಡ್ರೈವ್ ಹಾಕಿ ನೋಡಿದಾಗ ನಾಚಿಕೆ ಹಿಂದೆ ಸರಿಯಿತು. ಹಾಲಿನಲ್ಲಿ ಓಡಿಸಿದ್ದು ಹೊತ್ತು ಸಾಲದೆ. ನನ್ನ ಅಡುಗೆಮನೆಯಲ್ಲಿ ಯಾವ ಝುಂಬಾ ಇತ್ತು? ಪೆನ್ ಡ್ರೈವಿನಲ್ಲೂ ಮೇಳ ಒಂಬತ್ತೇ ನಿಮಿಷ. ಜೆರಾಕ್ಸ್ ಪುಸ್ತಿಕೆ ತೆಗೆದು ತಿರುವಿದೆ. ಒಳಗಿನ ಪುಟಗಳೆಲ್ಲ ಸರಿಯಾಗಿದ್ದವು. ಯಾವ ಹಾಡು ಎಷ್ಟು ನಿಮಿಷ ಎಂದು ಅಚ್ಚಾಗಿರುವ ಹಿಂದಿನ ಪುಟವೊಂದೇ ಇರಲಿಲ್ಲ.

ಮರುದಿನ ಎರಡನೆಯ ಭಾನುವಾರ. ಗಿರ್ಮಿಟ್ ಡಬ್ಬಿ ಇಲ್ಲದೆ ಒಂಬತ್ತೂವರೆಗೇ ಹಾಲಿಗೆ ಹೋದೆ. ವಿನಾಯಕ ಸ್ಪೀಕರಿಗೆ ವಯರು ಸಿಕ್ಕಿಸುತ್ತಿದ್ದ. ನನ್ನ ಕೈ ಖಾಲಿಯಿದ್ದುದನ್ನು ನೋಡಿದ, ಅವನಿಗೆ ತಿಳಿಯಿತು.

“ಕೃಪಾ ಫೋನ್ ಮಾಡಿದ್ಲು,” ಅಂದ.

“ಪೆನ್ ಡ್ರೈವ್ ಹೆಂಗ ಮಾಡಿದಿ?”

“ಎಲ್ಲಾ ಫೈಲ್ ಒಂದೂಕಾಲಕ್ಕ ಬದಲು ಮಾಡಿ, ನಡುವಿನ ಖಾಲಿ ಜಾಗಾ ಕತ್ತರಿಸಿ ಹಾಕಿದ್ನಿರಿ. ಒಂದು ಶನಿವಾರ ಪೂರ್ತಿ ಹಿಡೀತು.”

“ಹಿಂದಿನ ಪುಟ?”

ಅವನು ವಯರು ಬಿಟ್ಟು ಎದ್ದು ನಿಂತ. “ಅದೂ ನಾನ ತಗದೆ.”

ಒಂದು ಶನಿವಾರ ಪೂರ್ತಿ. ಬಾಯಿ ತಪ್ಪಿ ಆಡಿದ ಸುಳ್ಳನ್ನು ನಾನು ಕ್ಷಮಿಸಬಲ್ಲೆ, ನಾನೂ ಆಡಿದ್ದೇನೆ. ಇದು ಊಟ ಮಾಡಿ ಬಂದು, ಮತ್ತೆ ಕೂತು, ಒಂದೊಂದೇ ಹಾಡು ಎಣಿಸಿ ಮಾಡಿದ ಕೆಲಸ.

“ಯಾಕ, ವಿನಾಯಕ?”

“ಮೊದಲ್ನೇ ದಿನ ಎಲ್ಲಾರಿಗೂ ಹೇಳಿದೆ, ನೀವು ಗಿರ್ಮಿಟ್ ಕಲಸಾಕ ಹೊರಗ ಹೋಗಿದ್ರಿ. ನಿಮಗೂ ಹೇಳಾಕಂತನ ಬೆಂಚಿನ ಕಡೆ ಬಂದೆ. ನೀವು ಪೀಣ್ಯದ ಮಾತು ತಗದು ಅತ್ರಿ. ಹ್ಯಾನಾ ಓಡ್ಯಾಳ ಅಂದ್ರಿ. ಅದರಿಂದ ನಿಮಗ ಸಮಾಧಾನ ಆಗಿತ್ತು ಅಕ್ಕಾರ. ಅದನ್ನ ಹೆಂಗ ಕಸಕೊಳ್ಳಿ ನಾ?”

“ನೀ ಮನ್ಯಾಗ ಹೆಂಗ ಕೇಳ್ತಿದ್ದಿ ಇದನ್ನ?”

ಅವನು ವಯರು ಮತ್ತೆ ಕೈಗೆತ್ತಿಕೊಂಡ. “ಇದ್ದಂಗ ಕೇಳ್ತಿದ್ದೆ.”

ಪೆನ್ ಡ್ರೈವಿಗಿಂತ ಇದು ಹೆಚ್ಚು ನೋಯಿಸಿತು. ನಾಲ್ಕು ವರ್ಷ ನಾವಿಬ್ಬರೂ ಒಂದೇ ಹಾಡನ್ನು ಪ್ರೀತಿಸಿ ಜಗಳವಾಡುತ್ತಿದ್ದೇವೆ ಎಂದುಕೊಂಡಿದ್ದೆ. ಅವನು ತನ್ನ ಮನೆಯಲ್ಲಿ ನಿಜವಾದದ್ದನ್ನು ಕೇಳಿ ಬಂದು ನನ್ನೆದುರು ಕೂತು ಮಂಡಕ್ಕಿ ತಿನ್ನುತ್ತಿದ್ದ.

“ನಾ ಹೇಳ್ತಾನ ಇದ್ನೆಲ್ರಿ,” ಅಂದ ಮೆಲ್ಲಗೆ. “ಅವ ನಿಧಾನದ ಮನಷ್ಯಾ ಅಂತ.”

“ಗೊತ್ತಿದ್ದವ್ರು ಹೇಳ್ತಾರ. ನೀ ಹೇಳ್ಲಿಲ್ಲ, ವಾದ ಮಾಡಿದಿ. ವಾದ ಮಾಡಿ ನನಗ ಗೆಲ್ಲಾಕ ಬಿಟ್ಟಿ. ಸಣ್ಣ ಹುಡುಗರ ಜೋಡಿ ಚೌಕಾಬಾರಾ ಆಡ್ತಾರಲ್ಲ ದೊಡ್ಡವ್ರು, ಹಂಗ.”

ಅಷ್ಟರಲ್ಲಿ ಕೃಪಾ, ನರಸಪ್ಪ ಬಂದು ಬಾಗಿಲಲ್ಲೇ ನಿಂತರು. ನಾನು ನನ್ನ ಕುರ್ಚಿಯಲ್ಲಿ ಕೂತೆ.

“ಹಚ್ಚು,” ಅಂದೆ. “ಇದ್ದಂಗ ಹಚ್ಚು. ಪೂರ್ತಿ.”

ಎರಡು ಗಂಟೆ ಇಪ್ಪತ್ತೈದು ನಿಮಿಷದ ಆಪರಾ ಅದು. ಮೊದಲ ಅಂಕದಲ್ಲಿ ನನಗೆ ನಿನ್ನೆಯಂತೆಯೇ ಸಿಟ್ಟು. ಎರಡನೆಯದರಲ್ಲಿ ಬೇಸರ. ಒಳಗೊಳಗೇ ನನಗೊಂದು ಆಸೆಯಿತ್ತು, ಅದನ್ನು ಮುಚ್ಚಿಡುವುದಿಲ್ಲ. ಉಳಿದದ್ದೆಲ್ಲ ನಿಧಾನವಾಗಲಿ, ಹ್ಯಾನಾ ಮಾತ್ರ ಈ ವೇಗದಲ್ಲೂ ಓಡಲಿ ಎಂದು. ಓಡಿದರೆ ನನ್ನ ಲೇಖನ ಹೋದರೂ ಪರವಾಗಿಲ್ಲ, ವಿನಾಯಕನನ್ನು ಒಂದಲ್ಲ ಒಂದು ದಿನ ಕ್ಷಮಿಸುತ್ತೇನೆ ಎಂದುಕೊಂಡೆ. ಹನ್ನೆರಡೂ ಐದಕ್ಕೆ ಎ.ಸಿ. ಆರಿತು. ಝುಂಬಾದವರು ಬಾಗಿಲು ತಟ್ಟಿದರು. ನರಸಪ್ಪ ಎದ್ದು ಹೋಗಿ, “ಒಸಿ ತಡೀರಮ್ಮ, ಒಳಗೆ ಒಂದು ಕಷ್ಟ ನಡೀತಾ ಐತೆ,” ಎಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತರು.

ಹ್ಯಾನಾ ಮೊದಲ ಮಗ್ಗ ನಿಲ್ಲಿಸಿದಳು. ಮಾರ್ಥಾ ಎಂದು ಹಾಡಿದಳು. ಆಮೇಲೆ ಏನೂ ಇಲ್ಲ. ವಾದ್ಯಗಳೂ ಸುಮ್ಮನೆ. ಪ್ಲೇಯರು ನಿಂತುಹೋಯಿತೇನೋ ಎಂದು ನಾನು ಲ್ಯಾಪ್‌ಟಾಪಿನ ಕಡೆ ನೋಡಿದೆ, ನಿಂತಿರಲಿಲ್ಲ. ಆಕೆ ಕಾಯುತ್ತಿದ್ದಳು. ಹೆಸರು ಕೂಗಿದ ಮೇಲೆ ಓ ಅನ್ನುತ್ತಾರೇನೋ ಎಂದು ಕಾಯುವ ಹಾಗೆ. ಓ ಎನ್ನುವವರಿಲ್ಲ ಎಂದು ಖಚಿತವಾದ ಮೇಲೆ ಎರಡನೆಯ ಮಗ್ಗ, ಆಗ್ನೆಸ್, ಮತ್ತೆ ಅದೇ ಕಾಯುವುದು. ಹೊರಗೆ ಬಸ್ಸಿ‌ನ ಹಾರ್ನ್. ಆಕೆ ಅತ್ತ ಗಮನವನ್ನೇ ಕೊಡಲಿಲ್ಲ. ಬಸ್ಸು ಹೊರಟುಹೋಯಿತು. ಆ ಸದ್ದು ದೂರವಾಗುವುದನ್ನು ನಾನು ನಾಲ್ಕು ವರ್ಷದಲ್ಲಿ ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ. ಹ್ಯಾನಾ ಒಂದೊಂದೇ ಮಗ್ಗದ ಮುಂದೆ ನಿಂತು ಎಲ್ಲರ ಹೆಸರನ್ನೂ ಹೇಳಿ ಮುಗಿಸಿದಳು. ದನಿಯಲ್ಲಿ ಆ ಚುರುಕಾದ ನಡುಕ ಇರಲಿಲ್ಲ. ಆಕೆ ಓಡಲಿಲ್ಲ. ಆ ಸಂಜೆ ಓಡಿದವಳು ನಾನೊಬ್ಬಳೇ.

ಹಾಡು ಮುಗಿಯಿತು. ಸೆಕೆಗೆ ಎಲ್ಲರ ಮುಖದಲ್ಲೂ ಬೆವರು. ನಾನು ಕುರ್ಚಿಯಲ್ಲಿ ಕೂತೇ ಹೆಸರು ಹೇಳಲು ಶುರು ಮಾಡಿದೆ. ಒಂದನೆಯ ಲೈನಿನ ಮೊದಲ ಮಷಿನ್ನು ಅಂಜಿನಮ್ಮ. ಪಕ್ಕದಲ್ಲಿ ವೇಣಿ. ಆಮೇಲೆ ಮುಬೀನಾ, ಪುಟ್ಟತಾಯಿ, ಕಾಜ ಹಾಕುತ್ತಿದ್ದ ಚಿಕ್ಕತಿಮ್ಮಿ. ಎಂಟನೆಯ ಮಷಿನ್ನಿನವಳ ಮುಖ ಕಣ್ಣ ಮುಂದಿದೆ, ಮೂಗುತಿ ಇದೆ, ಹೆಸರಿಲ್ಲ. ಅವಳನ್ನು ದಾಟಿ ಮುಂದೆ ಹೋದೆ. ಮೂರೂ ಲೈನು ಸುತ್ತಿ ಬಂದರೂ ಇಪ್ಪತ್ತಮೂರರ ಮೇಲೆ ಒಂದು ಹೆಸರೂ ಹೊರಡಲಿಲ್ಲ. ಕೃಪಾ ಅಳುತ್ತಿದ್ದಳು. ವಿನಾಯಕ ನನ್ನ ಹತ್ತಿರ ಬಂದು ನೆಲದ ಮೇಲೆ ಕೂತು, “ಅಕ್ಕಾರ,” ಅಂದ.

“ನಾಕು ವರ್ಷದ ಹಿಂದ ನೂರಾ ಎಂಬತ್ತೂ ಹೆಸರು ನನಗ ಬಾಯಿಪಾಠ ಇದ್ವು,” ಅಂದೆ. “ಅವರ ನಂಬರು ನನ್ನ ಫೋನಿನಾಗ ಇದ್ವು, ಹಚ್ಚಿದ್ರ ಹತ್ತತಿದ್ವು. ಅವತ್ತು ನೀ ಇದನ್ನ ಇದ್ದಂಗ ಕೇಳಿಸಿದ್ರ ನಾ ಹೋಗ್ತಿದ್ದೆ, ವಿನಾಯಕ. ಒಬ್ಬೊಬ್ಬರ ಮನಿಗೂ ಹೋಗ್ತಿದ್ದೆ.”